ಕಾಣದ ವಿಷಕ್ಕೆ ಕಾಣದ ಕಾವಲುಗಾರ



ಶಿವಮೊಗ್ಗದವರಿಗೆ ತುಂಗೆಯ ನೀರು, ಭದ್ರಾವತಿಯವರಿಗೆ ಭದ್ರೆಯ ನೀರು. ನೀರಿನ ಮಾತು ಬಂದಾಗ "ನಾವು ಕುದಿಸಿ ಆರಿಸಿ ಕುಡೀತೀವಿ ಸಿಸ್ಟರ್, ಏನೂ ಆಗಲ್ಲ" ಅಂತೀರಿ. ಒಳ್ಳೆಯ ಅಭ್ಯಾಸ, ಬಿಡಬೇಡಿ. ಕುದಿಸಿದರೆ ರೋಗಾಣು ಸಾಯುತ್ತವೆ. ಆದರೆ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಸಾಯುವಂಥವಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಹೆಚ್ಚುತ್ತದೆ. ಬಣ್ಣ, ವಾಸನೆಯಿಂದ ಗೊತ್ತಾಗುವುದಿಲ್ಲ.

ಇವುಗಳಿಂದ ಏನಾಗುತ್ತದೆ?

ಸೀಸ ಮಕ್ಕಳ ಮೆದುಳಿಗೆ ಪೆಟ್ಟು ಕೊಡುತ್ತದೆ, ಕಲಿಕೆ ಹಿಂದೆ ಬೀಳುತ್ತದೆ. ಗರ್ಭಿಣಿಯಿಂದ ಹೊಟ್ಟೆಯಲ್ಲಿನ ಮಗುವಿಗೂ ದಾಟುತ್ತದೆ. ಆರ್ಸೆನಿಕ್ ವರ್ಷಗಟ್ಟಲೆ ದೇಹಕ್ಕೆ ಸೇರಿದರೆ ಚರ್ಮದಲ್ಲಿ ಕಲೆ, ಅಂಗೈ ಅಂಗಾಲು ಗಡುಸು, ಕೊನೆಗೆ ಕ್ಯಾನ್ಸರ್. ನಮ್ಮ ರಾಜ್ಯದ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಜನ ಈ ಕಷ್ಟ ಉಂಡಿದ್ದಾರೆ. ಲೀಟರ್ ನೀರಿನಲ್ಲಿ ಸೀಸವಾಗಲಿ ಆರ್ಸೆನಿಕ್ ಆಗಲಿ 0.01 ಮಿಲಿಗ್ರಾಂ ಮೀರಬಾರದು.

ಭದ್ರಾವತಿಗೆ 1923ರಲ್ಲಿ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಕಾಗದದ ಕಾರ್ಖಾನೆ ಬಂದು ಸಾವಿರಾರು ಮನೆಗಳ ಒಲೆ ಉರಿಸಿದವು. ಕೈಗಾರಿಕೆಯ ಊರಿನವರಾದ ನಾವು ಸುಮ್ಮನೆ ಹೆದರುವುದೂ ಬೇಡ, ಸುಮ್ಮನೆ ನಂಬುವುದೂ ಬೇಡ. ಪರೀಕ್ಷೆ ಮಾಡಿಸೋಣ.

ಬ್ಯಾಕ್ಟೀರಿಯಾ ಸಾಕ್ಷಿ ಹೇಳುತ್ತದೆ

ಕೆಲವು ಬ್ಯಾಕ್ಟೀರಿಯಾಗಳಿಗೆ ಆರ್ಸೆನಿಕ್ ಹೊರದಬ್ಬುವ ಶಕ್ತಿ ಹುಟ್ಟಿನಿಂದಲೇ ಇದೆ. ಒಂದು ಪ್ರೋಟೀನ್ ಚಿಲಕದಂತೆ ಆ ಶಕ್ತಿಯನ್ನು ಮುಚ್ಚಿಟ್ಟಿರುತ್ತದೆ. ಆರ್ಸೆನಿಕ್ ತಾಗಿದರೆ ಚಿಲಕ ಕಳಚುತ್ತದೆ. 2006ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆ ಚಿಲಕಕ್ಕೆ ಹೊಸ ಕೆಲಸ ಜೋಡಿಸಿದರು. ಆರ್ಸೆನಿಕ್ ಇದ್ದರೆ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಹುಳಿ ಮಾಡುತ್ತದೆ, ಹೆಪ್ಪು ಹಾಕಿದ ಹಾಲಿನಲ್ಲಿ ಆಗುವಂತೆಯೇ. ಹುಳಿಯಾದಾಗ ಬಣ್ಣ ಬದಲಾಗುತ್ತದೆ. ಅರಿಶಿನದ ಕಲೆ ಸೋಪು ತಾಗಿ ಕೆಂಪಾಗುವುದನ್ನು ನೀವು ನೋಡಿಲ್ಲವೇ? ಇದೂ ಅಂಥದ್ದೇ. ಸೀಸ, ಪಾದರಸ ಕಂಡರೆ ಮಿನುಗುವ ಬ್ಯಾಕ್ಟೀರಿಯಾಗಳನ್ನೂ ಪ್ರಯೋಗಾಲಯಗಳಲ್ಲಿ ಮಾಡಿದ್ದಾರೆ. ಇವನ್ನು ನದಿಗೆ ಬಿಡುವಂತಿಲ್ಲ. ನಮ್ಮ ದೇಶದಲ್ಲಿ 1989ರ ನಿಯಮಗಳಂತೆ ಸರ್ಕಾರದ ಅನುಮತಿ ಬೇಕು.

ನಾವು ಮಾಡಬೇಕಾದ್ದು

- ಜಲಜೀವನ ಮಿಷನ್ನಿನಲ್ಲಿ ಪ್ರತಿ ಹಳ್ಳಿಯ 5 ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿಯಿದೆ. ಸಂಘದಿಂದ ಹೆಸರು ಕೊಡಿ.
- ಸೀಸದಂಥ ಲೋಹಗಳಿಗೆ ಕಿಟ್ ಸಾಲದು. ಬೋರ್‌ವೆಲ್ ನೀರನ್ನು ಪ್ರಯೋಗಾಲಯಕ್ಕೆ ಕಳಿಸಲು ಪಂಚಾಯಿತಿ ಅಥವಾ ನಗರಸಭೆಗೆ ಅರ್ಜಿ ಕೊಡಿ, ವರದಿಯನ್ನು ಸಭೆಯಲ್ಲಿ ಓದಿಸಿ.
- ಹಳೇ ಬ್ಯಾಟರಿಯನ್ನು ಮನೆ, ಬಾವಿ ಹತ್ತಿರ ಒಡೆಯಬೇಡಿ, ಸುಡಬೇಡಿ.

ಶುದ್ಧ ಕುಡಿಯುವ ನೀರು ಮೂಲಭೂತ ಮಾನವ ಹಕ್ಕು ಎಂದು ಪೋಪ್ ಫ್ರಾನ್ಸಿಸ್ 2015ರ ವಿಶ್ವಪತ್ರದಲ್ಲಿ ಬರೆದರು. ಹಕ್ಕನ್ನು ಕೇಳುವ ಬಾಯಿ ನಮ್ಮದಾಗಲಿ.

ಸಭೆಯಲ್ಲಿ ಚರ್ಚಿಸಿ

1. ನಿಮ್ಮ ಕೇರಿಯ ನೀರನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ?
2. ಅರ್ಜಿ ಯಾರು ಬರೆಯುತ್ತೀರಿ, ಯಾರು ಒಯ್ಯುತ್ತೀರಿ?