ಸಂಜೆಯ ಟಿಕೆಟ್ ಮೊದಲು: ದಕ್ಷಿಣ ಬೆಂಗಳೂರಿನಲ್ಲಿ ಇಬ್ಬರ ವಾರಾಂತ್ಯ

ಶನಿವಾರ ಬೆಳಿಗ್ಗೆ ಬಂದಿಳಿದು ಭಾನುವಾರ ರಾತ್ರಿ ಊರಿಗೆ ಮರಳುವ ಜೋಡಿಗಳು ಬೆಂಗಳೂರಿನ ಬಗ್ಗೆ ಸಾಮಾನ್ಯವಾಗಿ ಕೇಳುವುದು, ಯಾವ್ಯಾವ ಜಾಗ ನೋಡಬೇಕು ಎಂದು. ಹಾಗೆ ಪಟ್ಟಿ ಮಾಡಿಕೊಂಡು ಹೊರಟವರ ಎರಡು ದಿನದಲ್ಲಿ ದೊಡ್ಡ ಪಾಲು ರಸ್ತೆಯ ಮೇಲೇ ಕಳೆಯುತ್ತದೆ. ಅರಮನೆ ಒಂದು ದಿಕ್ಕಿಗೆ, ಬನ್ನೇರುಘಟ್ಟ ಇನ್ನೊಂದು ದಿಕ್ಕಿಗೆ, ಊಟಕ್ಕೆ ಇಂದಿರಾನಗರ, ಸಿನಿಮಾಕ್ಕೆ ಯಾವುದೋ ಮಾಲ್ ಎಂದು ಓಡಾಡಿದರೆ ಇಬ್ಬರೂ ಸಂಜೆಯ ಹೊತ್ತಿಗೆ ಮಾತು ಬೇಡವೆನ್ನುವಷ್ಟು ದಣಿದಿರುತ್ತಾರೆ. ಜೊತೆಗೆ ಹೊತ್ತು ಕಳೆಯುವುದಕ್ಕೆಂದೇ ಬಂದವರಿಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ. ನಾನು ಹೇಳುವ ಕ್ರಮ ಬೇರೆ. ಮೊದಲು ಸಂಜೆಯ ಸಿನಿಮಾ ಅಥವಾ ನಾಟಕದ ಟಿಕೆಟ್ ತೆಗೆದಿಡಿ. ಆಮೇಲೆ ಅದರ ಆಸುಪಾಸಿನಲ್ಲಿ ಊಟ ಎಲ್ಲಿ ಎಂದು ನೋಡಿ. ಅಡ್ಡಾಡುವ ಜಾಗ ಕೊನೆಯದು. ಈ ಕ್ರಮಕ್ಕೆ ಬಸವನಗುಡಿ, ಲಾಲ್‌ಬಾಗ್, ಜಯನಗರ, ಜೆ.ಪಿ. ನಗರದ ಕಡೆಯಷ್ಟು ಒಗ್ಗುವ ಪ್ರದೇಶ ಈ ಊರಿನಲ್ಲಿ ಇನ್ನೊಂದಿಲ್ಲ.

ಸಂಜೆಯೇ ಯಾಕೆ ಮೊದಲು? ದಿನದ ಉಳಿದೆಲ್ಲವನ್ನೂ ಅರ್ಧ ಗಂಟೆ ಹಿಂದೆ ಮುಂದೆ ಮಾಡಬಹುದು, ಆಟದ ಹೊತ್ತನ್ನು ಮಾತ್ರ ಆಗುವುದಿಲ್ಲ. ಮಳೆಯದೂ ಒಂದು ಲೆಕ್ಕ ಇದೆ. ಬೆಂಗಳೂರಿನ ಮಳೆಗೆ ಮಧ್ಯಾಹ್ನ ಕಳೆದ ಮೇಲೆ ಬರುವ ಅಭ್ಯಾಸ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಿರಲಿ, ಸೆಪ್ಟೆಂಬರ್, ಅಕ್ಟೋಬರ್‌ನ ಜಡಿಮಳೆಯಿರಲಿ, ಹೆಚ್ಚಾಗಿ ಸಂಜೆಯನ್ನೇ ಹಿಡಿಯುತ್ತದೆ. ಹಾಗಾಗಿ ತೋಟ, ಬೀದಿ ಬೆಳಿಗ್ಗೆಗೆ, ಸೂರಿನ ಕೆಳಗಿನದು ಸಂಜೆಗೆ. ಇನ್ನು ಸೆಕೆಂಡ್ ಶೋ ಬಿಡುವ ಹೊತ್ತಿಗೆ ಮೆಟ್ರೊ ನಿಂತಿರುತ್ತದೆ, ಆಟೊ ದರ ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು. ಸೆಕೆಂಡ್ ಶೋ ನೋಡಿ ನಡುರಾತ್ರಿಯ ಖಾಲಿ ರಸ್ತೆಯಲ್ಲಿ ನಡೆಯುವ ಸುಖವೇ ಬೇರೆ ಎನ್ನುವವರಿದ್ದಾರೆ. ಉಳಿದುಕೊಂಡ ಜಾಗ ಚಿತ್ರಮಂದಿರದ ಪಕ್ಕದಲ್ಲೇ ಇದ್ದರೆ ಅದನ್ನು ನಾನೂ ಒಪ್ಪುತ್ತೇನೆ. ಹಾಗಿಲ್ಲದಿದ್ದರೆ ಫಸ್ಟ್ ಶೋ ಸಾಕು.

ಬರುವ ದಾರಿ ಸುಲಭ, ಆದರೆ ರೈಲು ಯಾವ ನಿಲ್ದಾಣಕ್ಕೆ ಬರುತ್ತದೆ ಎಂದು ನೋಡಿಯೇ ಟಿಕೆಟ್ ತೆಗೆಯಿರಿ. ಮೆಜೆಸ್ಟಿಕ್‌ನ ಕೆಎಸ್‌ಆರ್ ನಿಲ್ದಾಣವಾಗಲಿ ಯಶವಂತಪುರವಾಗಲಿ ಆದರೆ ಹಸಿರು ಮಾರ್ಗದ ಮೆಟ್ರೊ ಹಿಡಿದು ನೇರವಾಗಿ ನ್ಯಾಷನಲ್ ಕಾಲೇಜಿಗೋ ಲಾಲ್‌ಬಾಗಿಗೋ ಬರಬಹುದು. ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ಗೆ ಬರುವ ರೈಲಾದರೆ ಆರಂಭದಲ್ಲೇ ಆಟೊದವರ ಜೊತೆ ಚೌಕಾಸಿ. 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿ ಗರಿಷ್ಠ 90 ರೂಪಾಯಿ ಆಗಿದೆ. ಆದರೂ ಇಬ್ಬರ ಮೆಟ್ರೊ ಖರ್ಚು ಅಷ್ಟೇ ದೂರದ ಕ್ಯಾಬಿಗಿಂತ ಕಡಿಮೆಯೇ. ಭಾನುವಾರ ಮಾತ್ರ ಬೆಳಗಿನ ಮೊದಲ ರೈಲು ಉಳಿದ ದಿನಗಳಿಗಿಂತ ತಡ. ಬೈಕಿನಲ್ಲಿ ಮೈಸೂರು ಕಡೆಯಿಂದ ಬರುವವರು ಇನ್ನೊಂದು ತಿಳಿದಿರಬೇಕು: 2023ರ ಆಗಸ್ಟ್ 1ರಿಂದ ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ.

ಮೊದಲ ದಿನಕ್ಕೆ ಲಾಲ್‌ಬಾಗ್, ಎಂಟಿಆರ್, ಊರ್ವಶಿ ಚಿತ್ರಮಂದಿರ ಈ ಮೂರನ್ನು ಒಟ್ಟಿಗೆ ಹಿಡಿಯಿರಿ, ಮೂರೂ ನಡೆದು ಮುಗಿಸುವ ದೂರದಲ್ಲಿವೆ. ಲಾಲ್‌ಬಾಗ್ ಮೆಟ್ರೊ ನಿಲ್ದಾಣದ ಬದಿಯ ಪಶ್ಚಿಮ ದ್ವಾರದಿಂದ ಹೊಕ್ಕು 240 ಎಕರೆಯ ತೋಟವನ್ನು ಹಾದು ಮುಖ್ಯ ದ್ವಾರದಲ್ಲಿ ಹೊರಬಂದರೆ ಎಂಟಿಆರ್ ಹತ್ತಿರ. ತೋಟದಲ್ಲಿ ಗಾಜಿನಮನೆಯ ಮುಂದೆ ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಕೆಂಪೇಗೌಡ ಗೋಪುರವಿರುವ ಬಂಡೆಯ ಮೇಲೆ ಕೂತರೆ ಚೆನ್ನ. ಸುಮಾರು 300 ಕೋಟಿ ವರ್ಷ ಹಳೆಯ ಶಿಲೆ ಅದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನದ ವಾರಾಂತ್ಯದಲ್ಲಿ ಮಾತ್ರ ಆ ಕಡೆ ತಲೆ ಹಾಕಬೇಡಿ, ಇಬ್ಬರು ಕೈ ಹಿಡಿದು ನಡೆಯಲೂ ಜಾಗವಿರುವುದಿಲ್ಲ. 1924ರಲ್ಲಿ ಶುರುವಾದ ಎಂಟಿಆರ್‌ನಲ್ಲಿ ಬೆಳಗಿನ ತಿಂಡಿಯೋ ಮಧ್ಯಾಹ್ನದ ಊಟವೋ ಎಂಬುದನ್ನು ಆಟದ ಹೊತ್ತು ನೋಡಿ ನಿರ್ಧರಿಸಿ. ವಾರಾಂತ್ಯದಲ್ಲಿ ಎರಡಕ್ಕೂ ಹೆಸರು ಬರೆಸಿ ಕಾಯಲೇಬೇಕು. ಊಟ ಒಂದರ ಹಿಂದೊಂದು ಬಡಿಸುವ ಪೂರ್ಣ ಭೋಜನ, ಕಾಯುವುದೂ ಸೇರಿ ಎರಡು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ, ಮೇಲೆ ಕಣ್ಣು ಎಳೆಯುತ್ತದೆ. ಮ್ಯಾಟ್ನಿಗೆ ಟಿಕೆಟ್ ಇರುವವರು ರವೆ ಇಡ್ಲಿ, ಕಾಫಿಯಲ್ಲಿ ಮುಗಿಸಿ ಎದ್ದುಬಿಡಬೇಕು. ಎರಡನೇ ಮಹಾಯುದ್ಧದ ಕಾಲದ ಅಕ್ಕಿ ಅಭಾವದಲ್ಲಿ ರವೆ ಇಡ್ಲಿ ಹುಟ್ಟಿದ್ದು ತಮ್ಮ ಅಡುಗೆಮನೆಯಲ್ಲೇ ಎಂದು ಎಂಟಿಆರ್‌ನವರು ಹೇಳುತ್ತಾರೆ. ರುಚಿ ನೋಡಿದರೆ ನಂಬಬೇಕೆನಿಸುತ್ತದೆ.

ಎಲ್ಲ ಮಾಲ್‌ನಲ್ಲೇ ಸಿಗುವಾಗ ಊರ್ವಶಿಗೇ ಯಾಕೆ ಹೋಗಬೇಕು ಎಂಬ ಪ್ರಶ್ನೆ ಬರುತ್ತದೆ, ಅದು ನ್ಯಾಯವಾದ ಪ್ರಶ್ನೆಯೂ ಹೌದು. ಮಾಲ್‌ನಲ್ಲಿ ಪಾರ್ಕಿಂಗ್ ಇದೆ, ಶೌಚಾಲಯ ಚೊಕ್ಕಟ, ಮಳೆ ಬಂದರೆ ಚಿಂತೆಯಿಲ್ಲ. ಆದರೆ ಒಂದೇ ಸೂರಿನ ಕೆಳಗೆ ಊಟ, ಅಂಗಡಿ, ಸಿನಿಮಾ ಮೂರೂ ಮುಗಿದರೆ ನೀವು ಹುಬ್ಬಳ್ಳಿಯಲ್ಲಿದ್ದಿರೋ ಬೆಂಗಳೂರಿನಲ್ಲಿದ್ದಿರೋ ವ್ಯತ್ಯಾಸ ಉಳಿಯುವುದಿಲ್ಲ. ಕನ್ನಡ ಸಿನಿಮಾವನ್ನು ಸಾವಿರದ ಸುಮಾರಿಗೆ ಜನ ಒಟ್ಟಿಗೆ ಕೂತು, ಹೀರೊ ಬಂದ ಕೂಡಲೇ ಶಿಳ್ಳೆ ಹೊಡೆದು ನೋಡುವ ಅನುಭವ ಇವತ್ತು ಕೆಲವೇ ಕಡೆ ಉಳಿದಿದೆ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯ ದಿನ ಮುಚ್ಚಿತು, ಸದಾಶಿವನಗರದ ಕಾವೇರಿ 2024ರಲ್ಲಿ. ಇದ್ದಾಗ ಹೋಗಿ ನೋಡದೆ ಮುಚ್ಚಿದ ಮೇಲೆ ಮರುಗುವುದರಿಂದ ಯಾವ ಚಿತ್ರಮಂದಿರವೂ ಉಳಿದಿಲ್ಲ. ಟಿಕೆಟ್ ದರದ ಮಾತನ್ನು ನಾನು ಖಚಿತವಾಗಿ ಹೇಳಲಾರೆ, ವಾರಕ್ಕೊಂದು ರೀತಿ ಇರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ 200 ರೂಪಾಯಿಯ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಸಿಂಗಲ್ ಸ್ಕ್ರೀನಿನಲ್ಲಿ ಬಾಲ್ಕನಿಗೆ ಕೊಡುವ ಹಣ ಮಲ್ಟಿಪ್ಲೆಕ್ಸಿನ ಭಾನುವಾರದ ದರಕ್ಕಿಂತ ಸಾಮಾನ್ಯವಾಗಿ ಕಡಿಮೆ ಎಂದಷ್ಟೇ ತಿಳಿಯಿರಿ. ಇನ್ನೊಂದು ಮಾತು: ದೊಡ್ಡ ಹೆಸರಿಲ್ಲದ ಕನ್ನಡ ಚಿತ್ರ ಬಂದಿದ್ದರೆ ಮೊದಲ ವಾರಾಂತ್ಯದಲ್ಲೇ ನೋಡಿಬಿಡಿ. ಎರಡನೇ ವಾರಕ್ಕೆ ಅದಕ್ಕೆ ಸಿಗುವುದು ಬೆಳಗಿನ ಹತ್ತು ಗಂಟೆಯ ಒಂದು ಆಟ, ಅದೂ ಸಿಕ್ಕರೆ.

ಸಿನಿಮಾಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ಜೆ.ಪಿ. ನಗರದ ರಂಗಶಂಕರ. ಶಂಕರ್‌ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಮುಂದೆ ನಿಂತು ಕಟ್ಟಿಸಿದ ಈ ರಂಗಮಂದಿರ 2004ರ ಅಕ್ಟೋಬರ್‌ನಲ್ಲಿ ತೆರೆಯಿತು. ಸೋಮವಾರ ಬಿಟ್ಟು ದಿನವೂ ನಾಟಕ ಇರಬೇಕೆಂಬುದು ಅಲ್ಲಿನ ಪದ್ಧತಿ. ಸಂಜೆ ಏಳೂವರೆಗೆ ಶುರು, ಭಾನುವಾರ ಮೂರೂವರೆಗೆ ಇನ್ನೊಂದು ಪ್ರದರ್ಶನ. ಏಳೂವರೆ ಎಂದರೆ ಏಳೂವರೆ. ಬಾಗಿಲು ಮುಚ್ಚಿದ ಮೇಲೆ ಎಷ್ಟು ದೊಡ್ಡವರು ಬಂದರೂ ಒಳಗೆ ಬಿಡುವುದಿಲ್ಲ. ಈ ಶಿಸ್ತನ್ನು ಕೆಲವರು ಸೊಕ್ಕು ಎನ್ನುತ್ತಾರೆ. ಸುಮಾರು 300 ಆಸನಗಳ ಸಭಾಂಗಣದಲ್ಲಿ ನಟರು ಕೈಗೆಟುಕುವ ದೂರದಲ್ಲಿರುತ್ತಾರೆ, ಕತ್ತಲಲ್ಲಿ ಒಬ್ಬರು ಮೊಬೈಲ್ ಬೆಳಕು ಹಿಡಿದು ಸೀಟು ಹುಡುಕಿದರೆ ದೃಶ್ಯವೇ ಕೆಡುತ್ತದೆ. ಹೊತ್ತಿಗೆ ಸರಿಯಾಗಿ ಬಂದವರಿಗೆ ಕೊಡುವ ಗೌರವ ಅದು ಎಂದೇ ನನ್ನ ತೀರ್ಮಾನ. ನಾಟಕ ನಮಗೆ ಅರ್ಥವಾಗುತ್ತದೋ ಇಲ್ಲವೋ ಎಂದು ಹಿಂಜರಿಯುವ ಜೋಡಿಗಳು ಮೊದಲ ಸಲಕ್ಕೆ ಕನ್ನಡದ ಹಾಸ್ಯ ನಾಟಕವೊಂದನ್ನು ಆರಿಸಿಕೊಳ್ಳಲಿ. ಇಬ್ಬರಲ್ಲಿ ಒಬ್ಬರ ಮನೆಮಾತು ಬೇರೆಯಾಗಿದ್ದರೂ ಇಲ್ಲಿ ದಾರಿಯಿದೆ, ಹಿಂದಿ, ಇಂಗ್ಲಿಷ್ ನಾಟಕಗಳೂ ಸರದಿಯಲ್ಲಿ ಬರುತ್ತವೆ. ಆವರಣದಲ್ಲೇ ಕೆಫೆ ಇದೆ, ಅಲ್ಲಿನ ಸಾಬೂದಾನಿ ವಡೆಗೆ ಒಳ್ಳೆಯ ಹೆಸರು. ಆರೂವರೆಗೇ ಹೋಗಿ ತಿಂದು ಒಳಗೆ ಕೂರಿ, ನಾಟಕ ಮುಗಿಯುವ ಹೊತ್ತಿಗೆ ಸುತ್ತಲಿನ ಅನೇಕ ಅಡುಗೆಮನೆಗಳು ಒಲೆ ಆರಿಸುವ ತಯಾರಿಯಲ್ಲಿರುತ್ತವೆ. ಆರ್.ವಿ. ರಸ್ತೆ ನಿಲ್ದಾಣದಲ್ಲಿ ಇಳಿದು ಅಲ್ಲಿಂದ ಆಟೊ ಹಿಡಿಯುವುದು ಸುಲಭ.

ಭಾನುವಾರದ ಬೆಳಗು ಗಾಂಧಿ ಬಜಾರಿಗೆ. ಇಲ್ಲಿ ರಜೆಯ ದಿನಗಳನ್ನು ಬಾಯಿಪಾಠ ಮಾಡಿಕೊಂಡೇ ಹೊರಡಬೇಕು, ಬಾಗಿಲು ಹಾಕಿದ ಹೋಟೆಲಿನ ಮುಂದೆ ಹಸಿದು ನಿಲ್ಲುವ ಜೋಡಿಗಳು ಅಲ್ಲಿ ಪ್ರತಿ ವಾರಾಂತ್ಯವೂ ಕಾಣುತ್ತಾರೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ ರಜೆ, ಹಾಗಾಗಿ ಇಡ್ಲಿ, ಚಟ್ನಿಯ ಆಸೆಯಿದ್ದರೆ ಶನಿವಾರವೇ ತೀರಿಸಿಕೊಳ್ಳಿ. ನಿಂತೇ ತಿನ್ನಬೇಕು, ಸಾಂಬಾರ್ ಕೇಳಬೇಡಿ, ಚಟ್ನಿ ಬೇಕಾದಷ್ಟು. ವಿದ್ಯಾರ್ಥಿ ಭವನಕ್ಕೆ ರಜೆ ಶುಕ್ರವಾರ, ಎಂಟಿಆರ್‌ಗೆ ಸೋಮವಾರ. 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದ ದೋಸೆ ಹೊರಗೆ ಗರಿಗರಿ, ಒಳಗೆ ಮೆತ್ತಗೆ, ತುಪ್ಪದ ಘಮ. ಒಂದೇ ತೋಳಿನ ಮೇಲೆ ಸಾಲಾಗಿ ತಟ್ಟೆ ಜೋಡಿಸಿಕೊಂಡು ಬರುವ ಮಾಣಿಗಳನ್ನು ನೋಡುವುದೂ ಅಲ್ಲಿಗೆ ಹೋಗುವ ಕಾರಣಗಳಲ್ಲೊಂದು. ಎಂಟು ಗಂಟೆ ದಾಟಿದರೆ ಬಾಗಿಲ ಹೊರಗೆ ಗುಂಪು, ಏಳರ ಹೊತ್ತಿಗೆ ಹೋದವರೇ ಜಾಣರು. ಇಬ್ಬರೇ ಕೂರುವ ಏಕಾಂತ ಬೇಕೆಂದರೆ ಇದು ಆ ಜಾಗವಲ್ಲ, ಮೇಜಿಗೆ ಅಪರಿಚಿತರೂ ಬಂದು ಕೂರುತ್ತಾರೆ. ಏಕಾಂತ ಹತ್ತಿರದ ಬ್ಯೂಗಲ್ ರಾಕ್ ಉದ್ಯಾನದಲ್ಲಿ ಸಿಗುತ್ತದೆ. ವಿ.ವಿ. ಪುರದ ತಿಂಡಿಬೀದಿಯ ಬಗ್ಗೆ ನಾನು ಅಷ್ಟೇನೂ ಉತ್ಸಾಹ ತೋರಲಾರೆ. ವಾರಾಂತ್ಯದ ಸಂಜೆ ಅಲ್ಲಿ ರುಚಿಗಿಂತ ನೂಕಾಟ ಹೆಚ್ಚು. ಜನವರಿಯ ಅವರೆಕಾಯಿ ಕಾಲದಲ್ಲಾದರೆ ಆ ಮಾತು ಹಿಂತೆಗೆದುಕೊಳ್ಳುತ್ತೇನೆ.

ಈ ಭಾಗದಲ್ಲಿ ಎಲ್ಲ ಸಸ್ಯಾಹಾರವೇ, ಬಾಡೂಟ ಬೇಕೆನ್ನುವವರು ಏನು ಮಾಡಬೇಕು ಎಂಬ ಆಕ್ಷೇಪಕ್ಕೆ ಉತ್ತರ ಜಯನಗರ 8ನೇ ಬ್ಲಾಕಿನ ಶಿವಾಜಿ ಮಿಲಿಟರಿ ಹೋಟೆಲ್. ದೊನ್ನೆ ಬಿರಿಯಾನಿ ಅಲ್ಲಿನ ಹೆಗ್ಗಳಿಕೆ. ಮಧ್ಯಾಹ್ನದ ಒಳಗೇ ಹೋಗಿ, ತಡವಾದರೆ ಖಾಲಿ. ಭಾನುವಾರ ಮಧ್ಯಾಹ್ನ ಅಲ್ಲಿ ಉಂಡು ಮೂರೂವರೆಯ ನಾಟಕಕ್ಕೆ ರಂಗಶಂಕರಕ್ಕೆ ಹೋದರೆ ರಾತ್ರಿಯ ರೈಲು ಆರಾಮವಾಗಿ ಸಿಗುತ್ತದೆ.

ಉಳಿಯುವ ಜಾಗದ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಮದುವೆಯಾಗದ ಇಬ್ಬರು ವಯಸ್ಕರು ಒಂದೇ ಕೋಣೆಯಲ್ಲಿ ಉಳಿಯಬಾರದೆಂದು ಯಾವ ಕಾನೂನೂ ಹೇಳುವುದಿಲ್ಲ. ಆದರೂ ಕೆಲವು ಹೋಟೆಲ್‌ಗಳು ತಮ್ಮದೇ ನಿಯಮ ಮಾಡಿಕೊಂಡಿರುತ್ತವೆ, ಮುಂಗಡ ಕಟ್ಟುವ ಮೊದಲೇ ಫೋನಿನಲ್ಲಿ ಕೇಳಿ, ಇಬ್ಬರೂ ಗುರುತಿನ ಚೀಟಿ ಇಟ್ಟುಕೊಂಡಿರಿ. ರಾತ್ರಿ ರಸ್ತೆಯಲ್ಲಿ ನಡೆಯುವುದೂ ತಪ್ಪಲ್ಲ. 2022ರ ಡಿಸೆಂಬರ್‌ನಲ್ಲಿ ಮಾನ್ಯತಾ ಟೆಕ್ ಪಾರ್ಕ್ ಬಳಿ ನಡುರಾತ್ರಿ ಮನೆಗೆ ನಡೆದು ಹೋಗುತ್ತಿದ್ದ ದಂಪತಿಯಿಂದ ಇಬ್ಬರು ಪೊಲೀಸರು ದಂಡವೆಂದು 1,000 ರೂಪಾಯಿ ಕಿತ್ತಿದ್ದರು. ದಂಪತಿ ದೂರಿದ ಮೇಲೆ ಆ ಪೊಲೀಸರು ಅಮಾನತಾದರು. ಅಂಥ ಸಂದರ್ಭ ಬಂದರೆ ಹಣ ಕೊಡದೆ 112ಕ್ಕೆ ಕರೆ ಮಾಡಿ. ಹೆದರಿ ಹಣ ಕೊಡುವ ಪ್ರತಿ ಜೋಡಿಯಿಂದ ಮುಂದಿನ ಜೋಡಿಗೆ ತೊಂದರೆ.

ಕೊನೆಯ ಆಕ್ಷೇಪ, ಎರಡು ದಿನ ಇದ್ದೂ ನಂದಿಬೆಟ್ಟದ ಸೂರ್ಯೋದಯ ನೋಡದೆ ಬರುವುದೇ ಎಂಬುದು. ವಾರಾಂತ್ಯದ ನಸುಕಿನಲ್ಲಿ ಬೆಟ್ಟದ ಬುಡದ ವಾಹನಗಳ ಸಾಲು ನೋಡಿದವರು ಈ ಪ್ರಶ್ನೆ ಕೇಳುವುದಿಲ್ಲ. ಮೂರು ಗಂಟೆಗೆ ಎದ್ದು ಅರವತ್ತು ಕಿಲೋಮೀಟರ್ ಓಡಿ, ಮರಳಿ ಬರುವಾಗ ಬಳ್ಳಾರಿ ರಸ್ತೆಯ ದಟ್ಟಣೆಯಲ್ಲಿ ಸಿಕ್ಕಿಕೊಂಡರೆ ಸಂಜೆಯ ಆಟದಲ್ಲಿ ಇಬ್ಬರೂ ನಿದ್ದೆ ಹೋಗುವುದು ಖಂಡಿತ. ನಂದಿಗೆ ವಾರದ ನಡುವೆ ಒಂದು ರಜೆ ಹಾಕಿ ಹೋಗಿ. ಈ ಎರಡು ದಿನಕ್ಕೆ ಬೇಕಾದ ಸಿದ್ಧತೆ ಒಂದೇ: ಆ ವಾರ ರಂಗಶಂಕರದಲ್ಲಿ ಯಾವ ನಾಟಕ, ಊರ್ವಶಿಯಲ್ಲಿ ಯಾವ ಚಿತ್ರ ಎಂದು ಗುರುವಾರವೇ ನೋಡಿ ಟಿಕೆಟ್ ತೆಗೆದಿಡಿ. ಒಳ್ಳೆಯ ನಾಟಕದ ಭಾನುವಾರದ ಟಿಕೆಟ್ ಶನಿವಾರ ಬೆಳಿಗ್ಗೆಯವರೆಗೆ ಉಳಿಯುವುದು ಅಪರೂಪ.