ವೈರು ಕಿತ್ತರೆ ಲೇಸರ್ ಆರಬೇಕು: ಕೆ40 ಕಟರ್‌ಗೆ ಹತ್ತು ಸೂತ್ರಗಳು

ಕೆ40 ಎಂದು ಹೆಸರಾದ ಚೀನಾದ ಪುಟ್ಟ ಲೇಸರ್ ಕಟರ್ ಕೊಂಡವರಲ್ಲಿ ಬಹಳ ಮಂದಿ ಕೆಲವೇ ದಿನಕ್ಕೆ ಅದರ ಮೂಲ ಬೋರ್ಡ್ ಕಿತ್ತು, ಜಿಆರ್‌ಬಿಎಲ್ (ಮೋಟಾರು, ಲೇಸರ್ ಎರಡನ್ನೂ ನಡೆಸುವ ಸಾಫ್ಟ್‌ವೇರ್) ಓಡಿಸುವ ಬೋರ್ಡ್ ಕೂರಿಸಲು ಹೊರಡುತ್ತಾರೆ. ಮೋಟಾರಿನ ವೈರು ಅದಲುಬದಲಾದರೆ ಎಡಕ್ಕೆ ಹೋಗಬೇಕಾದ ತಲೆ ಬಲಕ್ಕೆ ಹೋಗುತ್ತದೆ, ಅಷ್ಟೇ. ಲೇಸರ್ ಉರಿಸುವ ವೈರು ತಪ್ಪಿದರೆ ಹೋಗುವುದು ಕಣ್ಣು. ವೈರು ತುಂಡಾಗಲಿ, ಬೋರ್ಡ್ ಸುಟ್ಟುಹೋಗಲಿ, ಲ್ಯಾಪ್‌ಟಾಪ್ ಹ್ಯಾಂಗ್ ಆಗಲಿ, ಲೇಸರ್ ತಾನಾಗಿ ಆರಬೇಕು. ವೈರಿಂಗ್‌ನ ಪ್ರತಿ ಹಂತದಲ್ಲೂ ಹಿಡಿಯಬೇಕಾದ ಹಟ ಇದೊಂದೇ.

1. ಅರ್ಥಿಂಗ್ ಆಗದೆ ಬೇರೇನನ್ನೂ ಮುಟ್ಟಬೇಡಿ. ಮೂರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥ್ ಇದೆ ಎಂದಲ್ಲ. ಹಳೆಯ ಮನೆಗಳಲ್ಲಿ ಮೇಲಿನ ದೊಡ್ಡ ತೂತಿನ ಹಿಂದೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ: ಫೇಸ್ ಮತ್ತು ಅರ್ಥ್ ನಡುವೆ 230 ವೋಲ್ಟಿನ ಆಸುಪಾಸು ಬರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಮಾತ್ರ. ಕಟರ್‌ನ ಲೋಹದ ಮೈಗೆ ಹಸಿರು-ಹಳದಿ ವೈರು ಬಿಗಿದಿದೆಯೇ, ಬೋಲ್ಟಿನ ಕೆಳಗಿನ ಬಣ್ಣ ಕೆರೆದಿದ್ದಾರೆಯೇ ಎಂದೂ ನೋಡಿ. ಬಣ್ಣದ ಮೇಲೆ ಬಿಗಿದ ಬೋಲ್ಟು ಅಲಂಕಾರಕ್ಕಷ್ಟೇ.

2. ದಪ್ಪ ಕೆಂಪು ವೈರಿನ ತಂಟೆಗೆ ಹೋಗಬೇಡಿ. ಟ್ಯೂಬ್ ಹೊತ್ತಿಕೊಳ್ಳುವ ಕ್ಷಣದಲ್ಲಿ ಅದರಲ್ಲಿ 20,000 ವೋಲ್ಟಿನ ಆಸುಪಾಸು ಇರುತ್ತದೆ. ಮನೆಯ ಆರ್‌ಸಿಸಿಬಿ ಇಲ್ಲಿ ಕಾಪಾಡುವುದಿಲ್ಲ. ಆ ವೋಲ್ಟೇಜ್ ಟ್ರಾನ್ಸ್‌ಫಾರ್ಮರಿನ ಆಚೆ ಬದಿಯದು. ಕೆಲಸಕ್ಕೆ ಕೂರುವ ಮುನ್ನ ಪ್ಲಗ್ಗನ್ನೇ ಗೋಡೆಯಿಂದ ಕಿತ್ತು ಕೆಲವು ನಿಮಿಷ ಬಿಡಿ. ಟ್ಯೂಬ್ ಜೋಡಿಸದೆ ಪವರ್ ಸಪ್ಲೈ ಉರಿಸಿ ನೋಡುವ ಚಪಲವೂ ಬೇಡ. ಕಿಡಿ ಸಿಕ್ಕ ಕಡೆ ಹಾರುತ್ತದೆ, ಸಪ್ಲೈ ಸುಡುತ್ತದೆ.

3. 'ಎಲ್' ಕಾಲಿನ ಗುಣ ತಿಳಿದುಕೊಳ್ಳಿ. ಪವರ್ ಸಪ್ಲೈ ಮೇಲೆ ಜಿ, ಪಿ, ಎಲ್, ಇನ್, 5ವಿ ಎಂದು ಬರೆದ ಕಾಲುಗಳಿರುತ್ತವೆ. ಇವುಗಳಲ್ಲಿ ಲೇಸರ್ ಉರಿಸುವುದು ಎಲ್. ಅದಕ್ಕೆ ವೋಲ್ಟೇಜ್ ಕೊಟ್ಟರೆ ಉರಿಯುವುದಿಲ್ಲ, ಗ್ರೌಂಡ್‌ಗೆ, ಅಂದರೆ 'ಜಿ'ಗೆ ಮುಟ್ಟಿಸಿದರೆ ಉರಿಯುತ್ತದೆ. ಹೊಸಬರು ಇದನ್ನು ಉಲ್ಟಾ ತಿಳಿಯುವುದು ಮಾಮೂಲು. ಇದರ ಪರಿಣಾಮ ಯೋಚಿಸಿ. ಎಲ್ ವೈರು ತುಂಡಾದರೆ ಲೇಸರ್ ಆರುತ್ತದೆ, ಒಳ್ಳೆಯದೇ. ಆದರೆ ಅದೇ ವೈರಿನ ಸಿಪ್ಪೆ ಸವೆದು ತಗಡಿನ ಮೈಗೆ ತಗುಲಿದರೆ? ಎಷ್ಟೋ ಸಪ್ಲೈಗಳಲ್ಲಿ ಜಿ ಒಳಗೊಳಗೇ ಮೈಗೆ ಸೇರಿರುತ್ತದೆ. ಆಗ ಯಾರೂ ಹೇಳದೆಯೇ ಲೇಸರ್ ಉರಿಯುತ್ತದೆ, ಬೋರ್ಡಿಗೆ ಅದರ ಸುಳಿವೂ ಇರುವುದಿಲ್ಲ. ಹಾಗಾಗಿ ಎಲ್ ವೈರು ತಗಡಿನ ಅಂಚು ದಾಟುವಲ್ಲಿ ರಬ್ಬರ್ ಗ್ರಾಮೆಟ್ ಹಾಕಿ, ಅದನ್ನು ಜಿ ವೈರಿನ ಜೊತೆ ಹೊಸೆದು ಒಯ್ಯಿರಿ, ಕೆಂಪು ವೈರಿನಿಂದ ಆದಷ್ಟು ದೂರ ಇಡಿ. ಹತ್ತಿರ ಸುಳಿದರೆ ಟ್ಯೂಬ್ ಹೊತ್ತಿದಾಗಲೆಲ್ಲ ಬೋರ್ಡ್ ರೀಸೆಟ್ ಆಗುವ ತಲೆನೋವು ಬೇರೆ.

4. ಬೋರ್ಡಿನ ಪಿನ್ನನ್ನು ನೇರ ಎಲ್‌ಗೆ ಕಟ್ಟಬೇಡಿ, ನಡುವೆ ಮಾಸ್ಫೆಟ್ (ಸ್ವಿಚ್ಚಿನಂತೆ ದುಡಿಯುವ ಟ್ರಾನ್ಸಿಸ್ಟರ್) ಇಡಿ. ಬೋರ್ಡ್ ಎಚ್ಚರಗೊಳ್ಳುವ ಆ ಅರೆಕ್ಷಣ ಪಿನ್ನುಗಳಿಗೆ ಹಿಡಿತವಿರುವುದಿಲ್ಲ. ಮೇಲೋ ಕೆಳಗೋ ಅವಕ್ಕೇ ಗೊತ್ತಿಲ್ಲ. ಜೊತೆಗೆ 3.3 ವೋಲ್ಟಿನ ಬೋರ್ಡ್ ಆದರೆ 'ಆಫ್' ಎಂದಾಗಲೂ 5 ವೋಲ್ಟಿನ ಎಲ್ ಪೂರ್ತಿ ಮೇಲೇಳದೆ, ಲೇಸರ್ ಸಣ್ಣಗೆ ಮಿಣುಕುವ ಸಂಭವವಿದೆ. 3.3 ವೋಲ್ಟಿಗೇ ಚೆನ್ನಾಗಿ ತೆರೆಯುವ ಎನ್-ಚಾನೆಲ್ ಮಾಸ್ಫೆಟ್ ತೆಗೆದುಕೊಳ್ಳಿ: ಡ್ರೈನ್ ಎಲ್‌ಗೆ, ಸೋರ್ಸ್ ಜಿಗೆ, ಗೇಟ್ ಪಿನ್ನಿಗೆ. ಗೇಟಿನಿಂದ ಜಿಗೆ 10 ಕಿಲೋ ಓಮ್ ರೆಸಿಸ್ಟರ್. ಕಾವಲು ಕಾಯುವುದು ಈ ರೆಸಿಸ್ಟರೇ. ಪಿನ್ನು ಬಾಯಿಮುಚ್ಚಿ ಕೂತಿದ್ದರೂ, ಬೋರ್ಡನ್ನೇ ಕಿತ್ತು ಪಕ್ಕಕ್ಕಿಟ್ಟರೂ ಗೇಟ್ ಕೆಳಗೇ ಇರುತ್ತದೆ, ಲೇಸರ್ ಆರಿಯೇ ಇರುತ್ತದೆ. ರೆಸಿಸ್ಟರನ್ನು ಬೋರ್ಡಿನ ಕಡೆಗಲ್ಲ, ಮಾಸ್ಫೆಟ್ ಕಾಲಿಗೇ ಬೆಸೆಯಿರಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಈ ಸಾಮಾನೆಲ್ಲ ಚಿಲ್ಲರೆ ಕಾಸಿಗೆ ಸಿಗುತ್ತದೆ. ನೆಪ ಹೇಳುವ ಹಾಗಿಲ್ಲ.

5. ಸ್ವಿಚ್ಚುಗಳ ಸಾಲು 'ಪಿ' ಮೇಲಿರಲಿ, ಸಾಫ್ಟ್‌ವೇರ್‌ನಲ್ಲಲ್ಲ. ಪಿ ಮತ್ತು ಜಿ ಕೂಡಿದ್ದರೆ ಮಾತ್ರ ಸಪ್ಲೈ ಲೇಸರ್‌ಗೆ ಒಪ್ಪಿಗೆ ಕೊಡುತ್ತದೆ. ಆ ದಾರಿಯಲ್ಲಿ ಒಂದರ ಹಿಂದೊಂದು ಪೋಣಿಸಿ: ಮುಚ್ಚಳದ ಮೈಕ್ರೋ ಸ್ವಿಚ್, ನೀರು ಹರಿದರೆ ಮಾತ್ರ ಕೂಡುವ ಫ್ಲೋ ಸ್ವಿಚ್, ಬೀಗದ ಕೈ ಸ್ವಿಚ್. ಮುಚ್ಚಳದ ಸ್ವಿಚ್ ಮುಚ್ಚಿದಾಗ ಕೂಡುವ ಬಗೆಯದೇ ಆಗಬೇಕು. ಆಗ ವೈರು ಕಿತ್ತರೂ ಮುಚ್ಚಳ ತೆಗೆದಂತೆಯೇ ಲೆಕ್ಕ. ಎಲ್ ವೈರು ತಗಡಿಗೆ ತಗುಲಿದ ದಿನ ನಿಮ್ಮನ್ನು ಉಳಿಸುವುದು ಈ ಸಾಲು. ಟೇಪ್ ಅಂಟಿಸಿ ಮುಚ್ಚಳದ ಸ್ವಿಚ್ ಒತ್ತಿಡುವವರಿಗೆ ಹೇಳುವುದೇನೂ ಉಳಿದಿಲ್ಲ.

6. ಪ್ಯಾನೆಲ್ಲಿನ ಪಾಟ್ (ಪವರ್ ಹೊಂದಿಸುವ ತಿರುಗುಗುಂಡಿ, ಪೊಟೆನ್ಶಿಯೋಮೀಟರ್) ಕಿತ್ತೆಸೆಯಬೇಡಿ. 'ಇನ್' ಕಾಲಿಗೆ ಹೋಗುವ ಅದು ಓವರ್‌ಹೆಡ್ ಟ್ಯಾಂಕಿನ ವಾಲ್ವ್ ಇದ್ದಂತೆ. ಎಲ್ ಮೇಲಿನ ಪಿಡಬ್ಲ್ಯುಎಂ, ಅಂದರೆ ಲೇಸರನ್ನು ಬೇಗಬೇಗ ಉರಿಸಿ ಆರಿಸಿ ಪವರ್ ಹೊಂದಿಸುವ ಬೋರ್ಡಿನ ಸಿಗ್ನಲ್, ಅಡುಗೆಮನೆಯ ನಲ್ಲಿ. ಪಾಟ್ ಗರಿಷ್ಠ ಕರೆಂಟನ್ನು ಕಟ್ಟಿಹಾಕಿದ್ದರೆ ಸಾಫ್ಟ್‌ವೇರ್ ಎಷ್ಟು ಹಾರಾಡಿದರೂ ಟ್ಯೂಬ್ ಉಳಿಯುತ್ತದೆ. ಮೀಟರ್‌ನಲ್ಲಿ 15 ಮಿಲಿಆಂಪ್ ದಾಟಿಸದಿದ್ದರೆ ಕ್ಷೇಮ. '40 ವಾಟ್' ಎಂದು ಮಾರುವ 700 ಮಿಲಿಮೀಟರ್ ಟ್ಯೂಬಿನಿಂದ ನಿಜಕ್ಕೂ 40 ಹಿಂಡಲು ಹೋದರೆ ಅದರ ಆಯಸ್ಸು ಹಿಂಡಿದಂತೆ.

7. ಜಿಆರ್‌ಬಿಎಲ್‌ನಲ್ಲಿ $32=1 (ಲೇಸರ್ ಮೋಡ್) ಇರಲಿ, ಲೇಸರ್ ಉರಿಸುವ ಆದೇಶಗಳಲ್ಲಿ ಎಂ3 ಬದಲು ಎಂ4 ಬಳಸಿ. ಎಂ4ನಲ್ಲಿ ತಲೆ ನಿಂತರೆ ಲೇಸರ್ ಆರುತ್ತದೆ, ತಲೆ ನಿಧಾನವಾದರೆ ಪವರ್ ಇಳಿಯುತ್ತದೆ. ಎಂ3ಗೆ ಆ ದಯೆಯಿಲ್ಲ; ನಿಂತಲ್ಲೇ ಸುಡುತ್ತಿರುತ್ತದೆ.

8. ಟ್ಯೂಬ್‌ಗಿಂತ ಮೊದಲು ಎಲ್‌ಇಡಿ ಉರಿಸಿ. ಕಟರ್‌ನ ಪ್ಲಗ್ ಕಿತ್ತು, ಎಲ್ ವೈರನ್ನು ಸಪ್ಲೈನಿಂದ ಬಿಡಿಸಿ. ಬೋರ್ಡಿನ 5 ವೋಲ್ಟಿನಿಂದ ಒಂದು ಕಿಲೋ ಓಮ್ ರೆಸಿಸ್ಟರ್, ಎಲ್‌ಇಡಿ, ಅಲ್ಲಿಂದ ಮಾಸ್ಫೆಟ್ಟಿನ ಡ್ರೈನ್. ಬೋರ್ಡಿಗೆ ಯುಎಸ್‌ಬಿಯಿಂದಲೇ ಕರೆಂಟ್ ಕೊಡಿ. ಈಗ ಅದನ್ನು ಬೇಕೆಂದೇ ಗೋಳುಹೊಯ್ದುಕೊಳ್ಳಿ: ರೀಸೆಟ್ ಒತ್ತಿ, ಕೆಲಸದ ನಡುವೆ ಯುಎಸ್‌ಬಿ ಕೀಳಿ, ಮತ್ತೆ ಸಿಕ್ಕಿಸಿ, ಪಿನ್ನಿನ ವೈರು ಬಿಚ್ಚಿ. ಯಾವ ಹಂತದಲ್ಲೇ ಆಗಲಿ ಎಲ್‌ಇಡಿ ಸುಮ್ಮಸುಮ್ಮನೆ ಒಮ್ಮೆ ಮಿಂಚಿದರೂ ವೈರಿಂಗ್ ಮುಗಿದಿಲ್ಲ. ಅದು ಪಾಸಾದ ಮೇಲೆ ನಿಜವಾದ ಎಲ್ ಜೋಡಿಸಿ, ಮುಚ್ಚಳ ಹಾಕಿ, ಪಾಟ್ ತೀರಾ ಕೆಳಗಿಟ್ಟು, ಒಂದು ರಟ್ಟಿನ ಚೂರಿನ ಮೇಲೆ ಮೊದಲ ಗುರುತು ಮೂಡಿಸಿ. ಕೆಲಸದ ನಡುವೆ ಮುಚ್ಚಳ ಎತ್ತಿದರೆ ಆರುತ್ತದೆಯೇ ಎಂದು ನೋಡುವಾಗ ಕನ್ನಡಕ ಹಾಕಿ, ಎತ್ತುವುದು ಸ್ವಿಚ್ ಬಿಡುವಷ್ಟೇ.

9. ಕನ್ನಡಕ ತರಂಗಾಂತರ ನೋಡಿ ಕೊಳ್ಳಿ. 1964ರಲ್ಲಿ ಬಾರಾಮತಿ ಮೂಲದ ಕುಮಾರ್ ಪಟೇಲ್ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದ ಈ ಕಾರ್ಬನ್ ಡೈಆಕ್ಸೈಡ್ ಲೇಸರ್‌ನ ಬೆಳಕು 10,600 ನ್ಯಾನೋಮೀಟರಿನದು, ಕಣ್ಣಿಗೆ ಕಾಣದು. ರೆಪ್ಪೆ ಮುಚ್ಚಬೇಕೆಂದು ಕಣ್ಣಿಗೆ ಗೊತ್ತೇ ಆಗುವುದಿಲ್ಲ. ನೀಲಿ ಡಯೋಡ್ ಲೇಸರ್ 450ರ ಆಸುಪಾಸಿನದು. ಒಂದರ ಕನ್ನಡಕ ಇನ್ನೊಂದಕ್ಕಾಗುತ್ತದೆ ಎಂದು ನಂಬಬೇಡಿ. ಡಯೋಡ್ ಮಾಡ್ಯೂಲ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು: ಅಲ್ಲಿ ಸಾಮಾನ್ಯವಾಗಿ ಸಿಗ್ನಲ್ ಮೇಲೇರಿದರೆ ಉರಿಯುತ್ತದೆ. 10 ಕಿಲೋ ಓಮ್ ರೆಸಿಸ್ಟರನ್ನು ಮಾಡ್ಯೂಲಿನ ಸಿಗ್ನಲ್ ಕಾಲಿನಿಂದ ಗ್ರೌಂಡ್‌ಗೆ ಹಾಕಿ.

10. ವೈರಿಂಗ್ ನಕ್ಷೆಯನ್ನು ಕಾಗದದ ಮೇಲೆ ಬರೆದು ಪವರ್ ಸಪ್ಲೈ ಇರುವ ಗೂಡಿನ ಬಾಗಿಲ ಒಳಗೆ ಅಂಟಿಸಿ. ಯಾವ ಬಣ್ಣದ ವೈರು ಯಾವ ಕಾಲಿಗೆ, ಯಾವ ಸ್ವಿಚ್ ಎಲ್ಲಿ, ಪಾಟ್ ಎಲ್ಲಿಗೆ ನಿಲ್ಲಿಸಿದ್ದು, ಕೊನೆಯ ಬಾರಿ ಮುಚ್ಚಳದ ಸ್ವಿಚ್ ಪರೀಕ್ಷಿಸಿದ ತಾರೀಖು.