ಸೋಯಾ ಅವರೆಯನ್ನು ಉಣ್ಣುವವರಿಗೊಂದು ಕಿವಿಮಾತು

ಬೀದರಿನ ಹೊಲಗಳಲ್ಲಿ ಮುಂಗಾರಿನ ಬೆಳೆಯಾಗಿ ಹುಲುಸಾಗಿ ಬೆಳೆಯುವ ಸೋಯಾ ಅವರೆಯು, ಬಹುಪಾಲು ಎಣ್ಣೆಯ ಗಿರಣಿಗೂ, ಅಲ್ಲಿಂದ ಹಿಂಡಿಯಾಗಿ ಕೋಳಿಗಳ ಆಹಾರಕ್ಕೂ ಸಂದುಹೋಗಿ, ನಮ್ಮ ಅಡುಗೆಮನೆಗೆ ಮಾತ್ರ ಅಪರೂಪದ ಅತಿಥಿಯಾಗಿಯೇ ಉಳಿದಿರುವುದು ವಿಷಾದದ ಸಂಗತಿ. ತೊಗರಿ, ಕಡಲೆ, ಹೆಸರುಗಳಲ್ಲಿ ನೂರಕ್ಕೆ 20ರ ಆಸುಪಾಸಿನಲ್ಲಿರುವ ಸಸಾರಜನಕವು ಈ ಕಾಳಿನಲ್ಲಿ ಸುಮಾರು 36ರಷ್ಟಿದೆ. ಅದಲ್ಲದೆ, ದೇಹವು ತಾನಾಗಿ ನಿರ್ಮಿಸಿಕೊಳ್ಳಲಾರದ ಅಮೈನೋ ಆಮ್ಲಗಳೆಲ್ಲವೂ ಇದರಲ್ಲಿರುವುದರಿಂದ, ಮಾಂಸಾಹಾರವನ್ನು ವರ್ಜಿಸಿದವರಿಗೆ ಇದಕ್ಕೆ ಸರಿದೊರೆಯಾದ ಕಾಳು ವಿರಳವೆಂದೇ ನನ್ನ ಮತ. ಕೊಬ್ಬುಳ್ಳ ಮಾಂಸದ ಸ್ಥಾನದಲ್ಲಿ ಇದನ್ನುಂಡರೆ ರಕ್ತದ ಕೊಲೆಸ್ಟರಾಲ್ ತುಸು ಇಳಿಯುವುದೂ ನಿಜ. ಆದರೆ ಸರ್ವರೋಗನಿವಾರಕವೆಂದು ಡಂಗುರ ಸಾರುವವರನ್ನು ನಂಬಬೇಡಿರಿ.

ಹಸಿಗಾಳಿನಲ್ಲಿ ಸಸಾರಜನಕದ ಜೀರ್ಣಕ್ರಿಯೆಗೆ ಅಡ್ಡಿಪಡಿಸುವ ಅಂಶವೊಂದಿದೆ. ಶಾಖವೇ ಅದಕ್ಕೆ ಮದ್ದು. ಆದುದರಿಂದ ಕಾಳನ್ನು ರಾತ್ರಿಯೆಲ್ಲ ನೆನೆಯಿಟ್ಟು, ಆ ನೀರನ್ನು ಚೆಲ್ಲಿ, ಕುಕ್ಕರಿನಲ್ಲಿ ತೊಗರಿಬೇಳೆಗಿಂತ ನಾಲ್ಕಾರು ಸೀಟಿ ಹೆಚ್ಚಾಗಿಯೇ ಕೂಗಿಸಿ, ಬೆರಳಿನಿಂದ ಒತ್ತಿದರೆ ನುರಿಯುವಷ್ಟು ಬೇಯಿಸತಕ್ಕದ್ದು. ಹಸಿವಾಸನೆಗೆ ಮುಖ ಸಿಂಡರಿಸುವ ಮನೆಗಳಲ್ಲಿ, ಒಂಬತ್ತು ಪಾಲು ಗೋಧಿಗೆ ಒಂದು ಪಾಲು ಚೆನ್ನಾಗಿ ಹುರಿದ ಸೋಯಾ ಕೂಡಿಸಿ ಗಿರಣಿಗೆ ಕಳುಹಿಸಿದರೆ, ಚಪಾತಿಯನ್ನುಂಡವರಿಗೆ ಅದರ ಸುಳಿವೂ ಹತ್ತದು. ಅಂಗಡಿಯ ಮೀಲ್ ಮೇಕರನ್ನು, ಅಂದರೆ ಸೋಯಾ ಉಂಡೆಗಳನ್ನು, ಬಿಸಿನೀರಿನಲ್ಲಿ ಕುದಿಸಿ, ಹಿಂಡಿ, ಸಾಗುವಿಗೆ ಹಾಕುವುದು ಇನ್ನೂ ಸುಲಭ. ಸೋಯಾ ಸಾಸನ್ನು ಮಾತ್ರ ಈ ಪಂಕ್ತಿಗೆ ಸೇರಿಸಬೇಡಿರಿ. ಅದರಲ್ಲಿರುವುದು ವಿಶೇಷವಾಗಿ ಉಪ್ಪು.

ಥೈರಾಯಿಡ್ ಮಾತ್ರೆ ನುಂಗುವವರು ಮಾತ್ರೆಗೂ ಸೋಯಾ ಊಟಕ್ಕೂ ನಡುವೆ ಕೆಲವು ಗಂಟೆಗಳ ಅಂತರವಿರಿಸಿ, ತಮ್ಮ ವೈದ್ಯರೊಡನೆ ಒಂದು ಮಾತು ವಿಚಾರಿಸಿಕೊಳ್ಳುವುದು ಕ್ಷೇಮ.